ಹಿಂಬದಿ ಶಾಕ್ ಅಬ್ಸಾರ್ಬರ್ (ಹಳೆಯ ಮೋಟಾರ್ ಸೈಕಲ್)

ಮೋಟಾರ್ ಸೈಕಲ್‌ನ ಚಾಸಿಗೂ ಹಿಂಚಕ್ರವನ್ನು ಹಿಡಿದ ಸ್ವಿಂಗ್ ಆರ್ಮ್‌ಗೂ ನಡುವೆ ಕೂರುವ ಸ್ಪ್ರಿಂಗ್ ಮತ್ತು ಡ್ಯಾಂಪರ್‌ನ ಜೋಡಿ. ಸ್ಪ್ರಿಂಗ್ ಭಾರ ಹೊರುತ್ತದೆ; ಡ್ಯಾಂಪರ್‌ನೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ಹಾದು ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳಂಥ ಗಾಡಿಗಳಲ್ಲಿ ಇವು ಬದಿಗೊಂದರಂತೆ ಎರಡಿರುತ್ತವೆ.

ಡ್ಯಾಂಪರ್‌ನ ರಾಡಿನ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಎಣ್ಣೆ ತಡೆಯುವ ಸೀಲ್ ಹೋಗಿದೆ ಎಂದರ್ಥ. ಸೀಟನ್ನು ಒತ್ತಿ ಬಿಟ್ಟಾಗ ಹಿಂಭಾಗ ಒಮ್ಮೆ ಎದ್ದು ನಿಲ್ಲಬೇಕು; ಮತ್ತೆ ಮತ್ತೆ ಕುಣಿದರೆ ಡ್ಯಾಂಪಿಂಗ್ ಸತ್ತಿದೆ.

ಬದಲಿ ಕೊಳ್ಳುವಾಗ ಮೊದಲ ಲೆಕ್ಕ ಉದ್ದದ್ದು. ಮೇಲಿನ ಬೋಲ್ಟ್ ರಂಧ್ರದ ನಡುವಿನಿಂದ ಕೆಳಗಿನದರ ನಡುವಿನವರೆಗೆ, ಭಾರವಿಲ್ಲದಾಗ ಅಳೆಯಬೇಕು. ಉದ್ದ ಹೆಚ್ಚಿದರೆ ಹಿಂಭಾಗ ಎದ್ದು ಹ್ಯಾಂಡಲ್ ಚುರುಕಾಗುತ್ತದೆ, ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಅತಿಯಾಗಿ ವಾಲುತ್ತದೆ. ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಬೋಲ್ಟ್ ಹಾಯುವ ಬುಷ್‌ನ ಒಳವ್ಯಾಸ, ಅಗಲ ಎರಡೂ ಹೊಂದಬೇಕು. ವಾಷರ್ ತುರುಕಿ ಸರಿಮಾಡುವುದು ಒಳ್ಳೆಯ ಕೆಲಸವಲ್ಲ.

ಸ್ಪ್ರಿಂಗಿನ ಬಿರುಸು ಸವಾರನ ತೂಕಕ್ಕೆ ತಕ್ಕದ್ದಾಗಿರಬೇಕು. ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಿಲೋಡ್ ತಿರುವಿದರೆ ಸೀಟಿನ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಮಾರುಕಟ್ಟೆಯ ‘ಗ್ಯಾಸ್’ ಶಾಕ್‌ಗಳ ಹೊರಡಬ್ಬಿ ಕೆಲವೊಮ್ಮೆ ಬರೀ ಅಲಂಕಾರ. ಹಾಗಾಗಿ ಹೆಸರಿಗಿಂತ ಅಳತೆಯೇ ಮುಖ್ಯ. ಮೂಲ ಶಾಕ್ ಬಿಚ್ಚಿ ಸೀಲ್, ಎಣ್ಣೆ ಬದಲಿಸುವಂತಿದ್ದರೆ ಅದೇ ಮೇಲು.

ಒಂದೇ ಕೆಟ್ಟಿದ್ದರೂ ಎರಡನ್ನೂ ಬದಲಿಸಬೇಕು.