ಔಷಧ ಅಲರ್ಜಿ: ಸಾರ್ವಜನಿಕರ ಗಮನಕ್ಕೆ

ಒಂದು ಔಷಧದಿಂದ ಅಲರ್ಜಿ ಉಂಟಾದವರಿಗೆ, ಅದನ್ನು ಹೋಲುವ ಮತ್ತೊಂದು ಔಷಧದಿಂದಲೂ ಅಲರ್ಜಿ ಉಂಟಾಗಬಹುದು. ಇದನ್ನು ‘ಕ್ರಾಸ್ ರಿಯಾಕ್ಷನ್’ ಎನ್ನಲಾಗುತ್ತದೆ. ಪೆನಿಸಿಲಿನ್ ಅಲರ್ಜಿಯುಳ್ಳವರಿಗೆ ಅದೇ ವರ್ಗದ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಔಷಧಗಳೂ ಪ್ರಾಣಾಪಾಯ ತರಬಹುದು. ಇವು ಹಲವು ವ್ಯಾಪಾರನಾಮಗಳಲ್ಲಿ ದೊರೆಯುವುದರಿಂದ ಪೊಟ್ಟಣದ ಮೇಲಿನ ಮೂಲ ಔಷಧದ ಹೆಸರನ್ನು ಪರಿಶೀಲಿಸತಕ್ಕದ್ದು.

ಇಂತಹವರಲ್ಲಿ ಶೇ. 10ರಷ್ಟು ಮಂದಿಗೆ ಸೆಫಲೋಸ್ಪೋರಿನ್ ವರ್ಗದ ಔಷಧಗಳೂ ಒಗ್ಗುವುದಿಲ್ಲವೆಂದು ಹಿಂದೆ ಭಾವಿಸಲಾಗಿತ್ತು. ಈ ಪ್ರಮಾಣ ಸುಮಾರು ಶೇ. 2 ಮಾತ್ರವೆಂದು ಈಗ ತಿಳಿದುಬಂದಿದೆ. ರಚನೆಯಲ್ಲಿ ಆಂಪಿಸಿಲಿನ್ ಅನ್ನು ಹೋಲುವ ಸೆಫಲೆಕ್ಸಿನ್‌ನಿಂದ ಅಪಾಯ ಹೆಚ್ಚು. ಹೋಲದಿರುವ ಸೆಫಜೋಲಿನ್‌ನಿಂದ ಅತ್ಯಲ್ಪ.

ವಾಕರಿಕೆ ಅಥವಾ ಭೇದಿ ಮಾತ್ರ ಕಂಡುಬಂದಲ್ಲಿ ಅದು ಸಾಮಾನ್ಯವಾಗಿ ಅಲರ್ಜಿಯಲ್ಲ. ತಪ್ಪಾಗಿ ಅಲರ್ಜಿಯೆಂದು ನಮೂದಾದಲ್ಲಿ ಉತ್ತಮ ಔಷಧವೊಂದು ಕೈತಪ್ಪುತ್ತದೆ. ಆದುದರಿಂದ ಔಷಧದ ಹೆಸರು, ಉಂಟಾದ ತೊಂದರೆ, ಸೇವಿಸಿದ ಎಷ್ಟು ಹೊತ್ತಿಗೆ ಉಂಟಾಯಿತು ಮತ್ತು ಯಾವ ವರ್ಷ ಎಂಬ ವಿವರಗಳನ್ನು ಬರೆದಿಟ್ಟುಕೊಂಡು ವೈದ್ಯರಿಗೂ ಫಾರ್ಮಾಸಿಸ್ಟರಿಗೂ ತಿಳಿಸತಕ್ಕದ್ದು.

ಔಷಧ ನಿಯಮಗಳು, 1945ರನ್ವಯ ಅನುಸೂಚಿ ‘ಎಚ್’ ಔಷಧಕ್ಕೆ ಬದಲಾಗಿ ಬೇರೊಂದನ್ನು ಫಾರ್ಮಾಸಿಸ್ಟರು ತಾವಾಗಿಯೇ ನೀಡುವಂತಿಲ್ಲ. ಅಲರ್ಜಿಯ ಸಂಶಯವಿದ್ದಲ್ಲಿ ಅವರು ವೈದ್ಯರನ್ನು ವಿಚಾರಿಸುವವರೆಗೆ ಸಹಕರಿಸಲು ಕೋರಲಾಗಿದೆ.

ಔಷಧ ಸೇವನೆಯ ನಂತರ ಉಸಿರಾಟದ ತೊಂದರೆ, ಮುಖ ಅಥವಾ ನಾಲಿಗೆಯ ಊತ, ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ ಕೂಡಲೇ 108 ಆಂಬ್ಯುಲೆನ್ಸ್‌ಗೆ ಕರೆ ಮಾಡತಕ್ಕದ್ದು.