ಗಡಿ ದಾಟಿದ ಮಗು, ಕಾಲ ಕೊಟ್ಟ ತೀರ್ಪು

1983ರ ಜನವರಿ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ತಂದೆಯೊಬ್ಬ ಮಗನನ್ನು ಕರೆದುಕೊಂಡು ಪಂಜಾಬಿಗೆ ಬಂದುಬಿಟ್ಟ. ಹೆಂಡತಿಯನ್ನು ಕೊಲ್ಲಿಸಲು ಸಂಚು ಹೂಡಿದ ಅಪರಾಧ ಅವನ ಮೇಲೆ ಸಾಬೀತಾಗಿತ್ತು. ಆದರೂ ಅವನು ಪ್ರೊಬೇಷನ್ ಮೇಲೆ ಹೊರಗಿದ್ದದ್ದು ಆ ಹೆಂಡತಿಯೇ ಅವನ ಪರವಾಗಿ ಕೇಳಿಕೊಂಡಿದ್ದರಿಂದ. ತಾಯಿ ಭಾರತಕ್ಕೆ ಬಂದು ದಾವೆ ಹೂಡಿದಳು. ಹೈಕೋರ್ಟಿನಲ್ಲಿ ಸೋತು, 1984ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಳು. ಕುಟುಂಬದ ಬದುಕು ಯಾವ ದೇಶದಲ್ಲಿ ಬೇರುಬಿಟ್ಟಿತ್ತೋ ಆ ದೇಶದ ನ್ಯಾಯಾಲಯವೇ ಮಗುವಿನ ಸುಪರ್ದಿಯನ್ನು ತೀರ್ಮಾನಿಸಬೇಕು ಎಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರ ಪೀಠ ಹೇಳಿತು. ಹೆತ್ತವರೇ ಮಗುವನ್ನು ಗಡಿ ದಾಟಿಸುವ ವ್ಯಾಜ್ಯಗಳಲ್ಲಿ ಭಾರತದ ವಕೀಲರು ಇಂದಿಗೂ ಮೊದಲು ಎತ್ತುವ ತೀರ್ಪುಗಳಲ್ಲಿ ಇದೂ ಒಂದು.

ಅದೇ ತತ್ವವನ್ನು ಜಗತ್ತಿನ ಮಟ್ಟದಲ್ಲಿ ನಿಯಮವಾಗಿಸಿದ್ದು 1980ರ ಅಕ್ಟೋಬರ್ 25ರ ಹೇಗ್ ಒಪ್ಪಂದ. 1983ರ ಡಿಸೆಂಬರ್ 1ರಂದು ಜಾರಿಗೆ ಬಂದ ಇದರಲ್ಲಿ ಈಗ ನೂರಕ್ಕೂ ಹೆಚ್ಚು ದೇಶಗಳಿವೆ. ಬಹುಕಾಲ ದೂರ ಉಳಿದಿದ್ದ ಜಪಾನ್ ಕೂಡ 2014ರಲ್ಲಿ ಸೇರಿತು. ಭಾರತ ಸೇರಿಲ್ಲ. ತಾಯಿ ಒಳ್ಳೆಯವಳೋ ತಂದೆ ಒಳ್ಳೆಯವನೋ ಎಂದು ಒಪ್ಪಂದ ಕೇಳುವುದಿಲ್ಲ. ಹದಿನಾರು ತುಂಬದ ಮಗುವನ್ನು ಅದು ರೂಢಿಯಾಗಿ ವಾಸಿಸುತ್ತಿದ್ದ ದೇಶದಿಂದ ಇನ್ನೊಬ್ಬರ ಹಕ್ಕು ಮೀರಿ ಒಯ್ದಿದ್ದರೆ ಮೊದಲು ಹಿಂದಕ್ಕೆ ಕಳುಹಿಸಿ, ಸುಪರ್ದಿಯ ವಾದ ಅಲ್ಲಿ ನಡೆಯಲಿ ಎನ್ನುತ್ತದೆ. ಅರ್ಜಿ ಆರು ವಾರಗಳಲ್ಲಿ ಇತ್ಯರ್ಥವಾಗಬೇಕೆಂಬುದು ಅದರ ಆಶಯ. ಒಂದು ವರ್ಷ ದಾಟಿದ ಮೇಲೆ ಅರ್ಜಿ ಬಂದು, ಅಷ್ಟರಲ್ಲಿ ಮಗು ಹೊಸ ಊರಿಗೆ ಒಗ್ಗಿಹೋಗಿದ್ದರೆ ಹಿಂದಿರುಗಿಸಲು ನಿರಾಕರಿಸಬಹುದು. ಹಿಂದಿರುಗಿದರೆ ಮಗುವಿಗೆ ಗಂಭೀರ ಅಪಾಯವಿದೆ ಎಂದು ತೋರಿಸಿಕೊಟ್ಟರೂ ನಿರಾಕರಿಸಲು ಹದಿಮೂರನೆಯ ವಿಧಿ ಬಾಗಿಲು ತೆರೆದಿಟ್ಟಿದೆ.

ಒಪ್ಪಂದ ಬರೆದವರ ಕಣ್ಣ ಮುಂದಿದ್ದದ್ದು ಸುಪರ್ದಿ ಕಳೆದುಕೊಂಡ ಸಿಟ್ಟಿಗೆ ಮಗುವನ್ನು ಎತ್ತಿಕೊಂಡು ಓಡುವ ತಂದೆ. ಅಂಥವರು ಇರಲಿಲ್ಲವೆಂದಲ್ಲ. 1986ರಲ್ಲಿ ಮಿಷಿಗನ್‌ನಿಂದ ವಾರಾಂತ್ಯದ ಭೇಟಿಯ ನೆಪದಲ್ಲಿ ಮಗನನ್ನು ಭಾರತಕ್ಕೆ ತಂದ ತಂದೆಗೆ, ಮರುವರ್ಷ ವರದಿಯಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಛೀಮಾರಿ ಹಾಕಿ ಮಗುವನ್ನು ತಾಯಿಯೊಂದಿಗೆ ಕಳುಹಿಸಿತ್ತು. ಆದರೆ ಒಪ್ಪಂದದಡಿ ಬಂದ ಅರ್ಜಿಗಳ ಇತ್ತೀಚಿನ ಸಮೀಕ್ಷೆಗಳಲ್ಲಿ ಮಗುವನ್ನು ಒಯ್ದ ನಾಲ್ವರಲ್ಲಿ ಸುಮಾರು ಮೂವರು ತಾಯಂದಿರು. ಅವರಲ್ಲಿ ಬಹುಪಾಲು ಮಗುವನ್ನು ದಿನನಿತ್ಯ ಸಾಕುತ್ತಿದ್ದವರೇ. ಹಿಂಸೆಯಿಂದ ತಪ್ಪಿಸಿಕೊಂಡು ತವರಿಗೆ ಬಂದವಳನ್ನೂ ಕಾನೂನು ಅಪಹರಣಕಾರರ ಸಾಲಿನಲ್ಲಿ ನಿಲ್ಲಿಸುತ್ತದೆಂಬ ಆಕ್ಷೇಪ ಹುಟ್ಟಿದ್ದು ಇಲ್ಲಿಂದ. ಆಸ್ಟ್ರೇಲಿಯಾ 2022ರ ಕೊನೆಗೆ ಕೌಟುಂಬಿಕ ಹಿಂಸೆಯನ್ನು ಸ್ಪಷ್ಟವಾಗಿ ಪರಿಗಣಿಸುವಂತೆ ತನ್ನ ನಿಯಮ ತಿದ್ದಿತು.

ಕನ್ನಡಿಗ ಕುಟುಂಬಗಳಿಗೆ ಈ ಆಕ್ಷೇಪ ದೂರದ ಮಾತಲ್ಲ. ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಗಂಡನ ವೀಸಾಕ್ಕೆ ಜೋತುಬಿದ್ದು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಅಮೆರಿಕಕ್ಕೆ ಹೋಗುವ ಹೆಣ್ಣುಮಗಳ ಸ್ಥಿತಿ ನೋಡಿದರೆ ಸಾಕು. ಅಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ. ವಿಚ್ಛೇದನವಾದರೆ ಅವಳ ವೀಸಾಕ್ಕೆ ಆಧಾರವೇ ಇಲ್ಲ. ಮಗುವನ್ನು ಹಿಂದಕ್ಕೆ ಕಳುಹಿಸಿ ಎನ್ನುವ ಆದೇಶ ಕಾಗದದ ಮೇಲೆ ತಾಯಿಯನ್ನು ಬೇರ್ಪಡಿಸುವುದಿಲ್ಲ. ವೀಸಾ ಕಚೇರಿ ಬೇರ್ಪಡಿಸುತ್ತದೆ. ಈ ಕಾರಣಕ್ಕೇ ಸುಪ್ರೀಂ ಕೋರ್ಟು ಕೆಲವು ಆದೇಶಗಳಲ್ಲಿ, ತಾಯಿ ಜೊತೆಗೆ ಹೋಗುವುದಾದರೆ ಪ್ರಯಾಣದ ಮತ್ತು ಪ್ರತ್ಯೇಕ ವಸತಿಯ ವೆಚ್ಚ ತಂದೆಯದೇ ಎಂದು ಷರತ್ತು ಹಾಕಿದೆ.

ಇಲ್ಲಿನ ಕಾನೂನು ಹಳೆಯದು: 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆ, 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು, ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದು ಎರಡನೆಯದು ಹೇಳುತ್ತದೆ. ವಿದೇಶದಿಂದ ತಂದ ಮಗುವಿನ ಬಗ್ಗೆ ಎರಡೂ ಮೌನ. ಹೀಗಾಗಿ ವಿದೇಶದಲ್ಲಿರುವ ತಂದೆ ಅಥವಾ ತಾಯಿ ಹೆಚ್ಚಾಗಿ ಹಿಡಿಯುವ ದಾರಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ. ಕಾಣೆಯಾದವರನ್ನು, ಅಕ್ರಮವಾಗಿ ಕೂಡಿಹಾಕಿದವರನ್ನು ಹಾಜರುಪಡಿಸಲು ಇರುವ ಈ ರಿಟ್, ಅಜ್ಜಿಯ ಮನೆಯಲ್ಲಿ ಆಡಿಕೊಂಡಿರುವ ಮಗುವಿಗೂ ಬಳಕೆಯಾಗುತ್ತದೆ.

ತೀರ್ಪುಗಳ ಸರಣಿ ನೇರ ಗೆರೆಯಲ್ಲಿ ಸಾಗಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದ್ದದ್ದು ಕೂಸಾಗಿದ್ದಾಗ ತಾಯಿಯೊಂದಿಗೆ ಅಮೆರಿಕದಿಂದ ಬಂದು ಹನ್ನೆರಡು ವರ್ಷಕ್ಕೂ ಮಿಕ್ಕಿ ಇಲ್ಲೇ ಬೆಳೆದ ಹುಡುಗ. ಅವನನ್ನು ಹಿಂದಕ್ಕೆ ಕಳುಹಿಸಲು ಕೋರ್ಟು ಒಪ್ಪಲಿಲ್ಲ. 2015ರಲ್ಲಿ ವಿದೇಶಿ ನ್ಯಾಯಾಲಯ ಮೊದಲು ಪರಿಣಾಮಕಾರಿ ಆದೇಶ ಕೊಟ್ಟಿದ್ದರೆ ಅದಕ್ಕೆ ಮನ್ನಣೆ ಎಂಬ ನಿಲುವು ಬಂತು. ಎರಡೇ ವರ್ಷದಲ್ಲಿ, 2017ರಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಕೈಬಿಟ್ಟು, ವಿದೇಶಿ ಆದೇಶ ಪರಿಗಣಿಸಬೇಕಾದ ಅಂಶಗಳಲ್ಲಿ ಒಂದು ಮಾತ್ರ ಎಂದಿತು. ಆಮೇಲಿನ ವರ್ಷಗಳಲ್ಲಿ ಮಗುವನ್ನು ಹಿಂದಿರುಗಿಸಿದ ತೀರ್ಪುಗಳೂ ಇವೆ, ಉಳಿಸಿಕೊಂಡವೂ ಇವೆ.

ಬೆಂಗಳೂರಿನಿಂದ ಹೋದ ಎರಡು ಪ್ರಕರಣಗಳು ಗಮನಾರ್ಹ. ಮೊದಲನೆಯದರಲ್ಲಿ ನ್ಯೂಜೆರ್ಸಿಯಿಂದ 2019ರಲ್ಲಿ ತಂದ ಮಗುವನ್ನು ಕಳುಹಿಸಲು ಕರ್ನಾಟಕ ಹೈಕೋರ್ಟು ಒಪ್ಪಿತು, ಆದರೆ ಕೋವಿಡ್ ಪರಿಸ್ಥಿತಿಯ ಬಗ್ಗೆ ವೈದ್ಯಾಧಿಕಾರಿಯ ಪ್ರಮಾಣಪತ್ರ ಬೇಕೆಂದಿತು. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ತೆಗೆದುಹಾಕಿತು. ಎರಡನೆಯದು 2022ರದು. ಹನ್ನೊಂದು ವರ್ಷದ ಹುಡುಗ, ಅಮೆರಿಕದ ಪ್ರಜೆ. ಮಗು ಏನು ಬಯಸುತ್ತದೆ ಎಂಬುದನ್ನು ಮಾತನಾಡಿಸಿ ತಿಳಿಯಬಹುದು, ಅದರ ಹಿತ ಎಲ್ಲಿದೆ ಎಂಬುದನ್ನು ಕೋರ್ಟೇ ಎಲ್ಲ ಸಂದರ್ಭ ತೂಗಿ ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶವನ್ನು ರದ್ದುಗೊಳಿಸಿ ಅವನನ್ನು ಅಮೆರಿಕಕ್ಕೆ ಕಳುಹಿಸಿತು. ಈ ವಿವೇಚನೆ ಸರಿಯೇ. ಆದರೆ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೆಯ ವಿಧಿ, ಮಗುವಿನ ಅಭಿಪ್ರಾಯಕ್ಕೆ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ತೂಕ ಕೊಡಿ ಎನ್ನುತ್ತದೆ. ಹನ್ನೊಂದರ ಹುಡುಗನ ಮಾತಿಗೆ ಎಷ್ಟು ತೂಕ ಬಂತು, ಏಕೆ ಕಡಿಮೆಯಾಯಿತು ಎಂಬುದು ಇಂಥ ತೀರ್ಪುಗಳಲ್ಲಿ ಬಿಡಿಸಿ ದಾಖಲಾಗಬೇಕು.

ಆ ಒಡಂಬಡಿಕೆಗೆ ಭಾರತ 1992ರಲ್ಲೇ ಸೇರಿದೆ. ಬೇರೆಬೇರೆ ದೇಶಗಳಲ್ಲಿರುವ ತಂದೆ-ತಾಯಿ ಇಬ್ಬರೊಂದಿಗೂ ನಿಯಮಿತ ಸಂಪರ್ಕ ಮಗುವಿನ ಹಕ್ಕು ಎಂದು ಅದರ ಹತ್ತನೆಯ ವಿಧಿ ಸಾರುತ್ತದೆ. ಹನ್ನೊಂದನೆಯದು ಮಕ್ಕಳನ್ನು ಅಕ್ರಮವಾಗಿ ಗಡಿ ದಾಟಿಸುವುದನ್ನು ತಡೆಯಲು ಹೇಳುತ್ತದೆ. ಹೇಗ್ ಒಪ್ಪಂದಕ್ಕೆ ಸಹಿ ಹಾಕದಿರುವುದು ಈ ಹೊಣೆಯಿಂದ ಜಾರಿಕೊಳ್ಳುವ ದಾರಿಯಾಗದು. ಕಾನೂನು ಆಯೋಗ 2009ರ 218ನೇ ವರದಿಯಲ್ಲಿ ಒಪ್ಪಂದ ಸೇರಲು ಶಿಫಾರಸು ಮಾಡಿತು, 2016ರ 263ನೇ ವರದಿಯಲ್ಲಿ ಮಸೂದೆಯ ಕರಡನ್ನೂ ತಿದ್ದಿಕೊಟ್ಟಿತು. ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿ 2018ರಲ್ಲಿ ಪ್ರತ್ಯೇಕ ಪ್ರಾಧಿಕಾರವೊಂದರ ಕರಡು ಮುಂದಿಟ್ಟಿತು. ಯಾವುದೂ ಕಾಯ್ದೆಯಾಗಲಿಲ್ಲ. ಇತ್ತ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ವಾರ್ಷಿಕ ವರದಿಗಳಲ್ಲಿ ಅಸಹಕಾರದ ದೇಶಗಳ ಪಟ್ಟಿಯಲ್ಲಿ ಭಾರತವನ್ನು ಮತ್ತೆಮತ್ತೆ ಹೆಸರಿಸುತ್ತ ಬಂದಿದೆ.

ಸೇರಬೇಕೋ ಬೇಡವೋ ಎಂಬ ಚರ್ಚೆಯ ಗದ್ದಲದಲ್ಲಿ ಮರೆಯಾಗುವುದು ಕಾಲದ ಪ್ರಶ್ನೆ. 1997ರ ಪ್ರಕರಣದಲ್ಲಿ ಗೆದ್ದದ್ದು ವಾದಕ್ಕಿಂತ ಹೆಚ್ಚಾಗಿ ಆ ಹನ್ನೆರಡು ವರ್ಷ. ವ್ಯಾಜ್ಯ ಎಳೆದಷ್ಟೂ ಮಗುವನ್ನು ಇಟ್ಟುಕೊಂಡವರ ಪಕ್ಷ ಗಟ್ಟಿಯಾಗುತ್ತದೆ. ಅದು ತಾಯಿಯಾದರೂ ಅಷ್ಟೇ, ತಂದೆಯಾದರೂ ಅಷ್ಟೇ. ಇಂಥ ಅರ್ಜಿಗಳಿಗೆ ವಾರಗಳ ಲೆಕ್ಕದ ಗಡುವನ್ನು, ಮಗುವಿಗೆಂದೇ ಒಬ್ಬ ಸ್ವತಂತ್ರ ವಕೀಲರನ್ನು ಗೊತ್ತುಮಾಡಲು ಹೈಕೋರ್ಟುಗಳು ಸಂಸತ್ತಿನ ದಾರಿ ಕಾಯಬೇಕಿಲ್ಲ. ದಾವೆ ಮುಗಿಯುವವರೆಗಿನ ವ್ಯವಸ್ಥೆಗೂ ಆಧಾರವಿದೆ. ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ದೂರವಿರುವವರು ದಿನವೂ ಐದು-ಹತ್ತು ನಿಮಿಷವಾದರೂ ಮಗುವಿನೊಂದಿಗೆ ಮಾತನಾಡುವಂತಿರಬೇಕು ಎಂದು ಸುಪ್ರೀಂ ಕೋರ್ಟು 2020ರ ತೀರ್ಪೊಂದರಲ್ಲಿ ಹೇಳಿದೆ. ಅದನ್ನು ಆದೇಶದಲ್ಲಿ ಬರೆಯುವಾಗ ಗಂಟೆಯನ್ನೂ ಸೇರಿಸಬೇಕು: ಬೇಸಿಗೆಯಲ್ಲಿ ಸಿಯಾಟಲ್‌ನ ತಂದೆ ಬೆಳಿಗ್ಗೆ ಏಳೂವರೆಗೆ ಕರೆ ಮಾಡಿದರೆ ಬೆಂಗಳೂರಿನಲ್ಲಿ ರಾತ್ರಿ ಎಂಟು, ಮಗು ಇನ್ನೂ ಎಚ್ಚರವಾಗಿರುತ್ತದೆ. ಕರೆ ತಪ್ಪಿದರೆ ಏನು ಕ್ರಮ ಎಂಬುದನ್ನೂ ಅದೇ ಆದೇಶ ಹೇಳಬೇಕು.