ಪೈಥಾನ್ ಪ್ಯಾಕೇಜುಗಳ ಅಳವಡಿಕೆ: ತೊಂದರೆಗಳು ಮತ್ತು ಪರಿಹಾರ ಕ್ರಮಗಳು

ಪೈಥಾನ್ ಗಣಕ ಭಾಷೆಯೊಂದಿಗೆ ಬಾರದ, ಅನ್ಯರು ಸಿದ್ಧಪಡಿಸಿದ ಪ್ಯಾಕೇಜುಗಳನ್ನು ಪಿಪ್ ಎಂಬ ಸಾಧನದ ಮೂಲಕ ಪೈಪಿಐ ಭಂಡಾರದಿಂದ ಪಡೆಯಬಹುದಾಗಿದೆ. ಅಳವಡಿಕೆ ವಿಫಲವಾದಲ್ಲಿ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಕ್ರಮವಾಗಿ ಪರಿಶೀಲಿಸಿಕೊಳ್ಳುವುದು. ಆದೇಶಗಳನ್ನು ಆಂಗ್ಲ ಅಕ್ಷರಗಳಲ್ಲಿಯೇ ಟಂಕಿಸತಕ್ಕದ್ದು.

1. ಅಳವಡಿಸಿದ್ದರೂ ಮಾಡ್ಯೂಲ್ ಕಂಡುಬಾರದಿರುವುದು: ಒಂದೇ ಗಣಕದಲ್ಲಿ ಎರಡು ಪೈಥಾನ್ ಆವೃತ್ತಿಗಳಿದ್ದು, ಪ್ಯಾಕೇಜು ಬೇರೊಂದಕ್ಕೆ ಸೇರಿರುವ ಸಂಭವವಿರುತ್ತದೆ. ಪಿಪ್ ಆದೇಶವನ್ನು ನೇರವಾಗಿ ನೀಡುವ ಬದಲು ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂಬ ರೂಪದಲ್ಲಿ ನೀಡಿದಲ್ಲಿ, ಆ ಪೈಥಾನ್‌ಗೇ ಪ್ಯಾಕೇಜು ಸೇರುತ್ತದೆ.

2. ಹೆಸರಿನ ವ್ಯತ್ಯಾಸ: ಪ್ರೋಗ್ರಾಮಿನಲ್ಲಿ ಬಳಸುವ ಹೆಸರು ಮತ್ತು ಭಂಡಾರದಲ್ಲಿನ ಹೆಸರು ಬೇರೆಯಾಗಿರಬಹುದು. ಉದಾಹರಣೆಗೆ, ‘ಸಿವಿ2’ ಬೇಕಾದವರು ‘ಓಪನ್‌ಸಿವಿ-ಪೈಥಾನ್’ ಅನ್ನೂ, ‘ಯಾಮಲ್’ ಬೇಕಾದವರು ‘ಪೈಯಾಮಲ್’ ಅನ್ನೂ ಅಳವಡಿಸತಕ್ಕದ್ದು.

3. ಹೊಂದುವ ಪ್ರತಿ ದೊರೆಯದಿರುವುದು: ಪೈಥಾನ್ ತೀರಾ ಹಳೆಯದು ಅಥವಾ ತೀರಾ ಹೊಸದಾಗಿದ್ದಲ್ಲಿ, ಇಲ್ಲವೇ 32 ಬಿಟ್‌ನದಾಗಿದ್ದಲ್ಲಿ ಹೀಗಾಗಬಹುದು. ಪೈಥಾನ್ 2ಕ್ಕೆ ನೀಡಲಾಗುತ್ತಿದ್ದ ಬೆಂಬಲವು 1-1-2020ಕ್ಕೆ ಮುಕ್ತಾಯಗೊಂಡಿರುತ್ತದೆ.

4. ವ್ಯವಸ್ಥೆಯಿಂದಲೇ ನಿರಾಕರಣೆ: 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12 ಮೊದಲಾದ ಲಿನಕ್ಸ್ ಆವೃತ್ತಿಗಳಲ್ಲಿ, ವ್ಯವಸ್ಥೆಯ ಪೈಥಾನ್‌ಗೆ ಪಿಪ್ ಮೂಲಕ ಪ್ಯಾಕೇಜು ಸೇರಿಸುವುದನ್ನು ತಡೆಯಲಾಗಿದೆ. ವ್ಯವಸ್ಥೆಯ ಹಲವು ಸಾಧನಗಳು ಅದೇ ಪೈಥಾನ್ ಅನ್ನು ಅವಲಂಬಿಸಿರುವುದರಿಂದ ಈ ತಡೆಯನ್ನು ಬಲವಂತವಾಗಿ ಮೀರಬಾರದು. ‘ಪೈಥಾನ್3 -ಎಂ ವೆನ್ವ್’ ಆದೇಶದ ಮುಂದೆ ಒಂದು ಕಡತಕೋಶದ ಹೆಸರನ್ನು ನೀಡಿ, ಪ್ರತ್ಯೇಕ ಪರಿಸರ ರಚಿಸಿಕೊಂಡು, ಅದನ್ನು ಸಕ್ರಿಯಗೊಳಿಸಿದ ನಂತರ ಅಳವಡಿಸುವುದು.

5. ಕಂಪೈಲರ್ ದೋಷ: ಸಿದ್ಧ ಪ್ರತಿ ದೊರೆಯದಿದ್ದಾಗ ಪಿಪ್ ಮೂಲ ಸಂಕೇತದಿಂದಲೇ ಪ್ಯಾಕೇಜನ್ನು ಕಟ್ಟಲು ಯತ್ನಿಸುತ್ತದೆ. ಮೊದಲು ಪಿಪ್ ಅನ್ನು ನವೀಕರಿಸಿ, ಮತ್ತೊಮ್ಮೆ ಪ್ರಯತ್ನಿಸುವುದು.

6. ಪ್ರಮಾಣಪತ್ರ ದೋಷ: ಗಣಕದ ದಿನಾಂಕ ಸರಿಯಿದೆಯೇ ಎಂದು ನೋಡುವುದು. ಕಚೇರಿ ಜಾಲದಲ್ಲಿದ್ದಲ್ಲಿ ಜಾಲ ನಿರ್ವಾಹಕರನ್ನು ಸಂಪರ್ಕಿಸುವುದು. ಪರಿಶೀಲನೆಯನ್ನೇ ನಿಷ್ಕ್ರಿಯಗೊಳಿಸುವುದು ಸುರಕ್ಷಿತವಲ್ಲ.

ಮುಖ್ಯ ಎಚ್ಚರಿಕೆ: ಪೈಪಿಐ ಭಂಡಾರಕ್ಕೆ ಯಾರು ಬೇಕಾದರೂ ಖಾತೆ ತೆರೆದು ಪ್ಯಾಕೇಜು ಸೇರಿಸಬಹುದಾಗಿದೆ. ಜನಪ್ರಿಯ ಪ್ಯಾಕೇಜುಗಳ ಹೆಸರಿನಲ್ಲಿ ಒಂದೆರಡು ಅಕ್ಷರ ಬದಲಿಸಿ ವಂಚಕ ಪ್ಯಾಕೇಜುಗಳನ್ನು ಇರಿಸಿದ ಪ್ರಕರಣಗಳು ನಡೆದಿವೆ. ಅಳವಡಿಕೆಯ ಸಮಯದಲ್ಲಿಯೇ ಅವುಗಳ ಸಂಕೇತವು ಚಾಲನೆಗೊಂಡು, ತಮ್ಮ ಗಣಕದಲ್ಲಿನ ಗುಪ್ತಪದ ಹಾಗೂ ದಾಖಲೆಗಳು ಅನ್ಯರ ಪಾಲಾಗಬಹುದು. ಆದ್ದರಿಂದ ಹೆಸರನ್ನು ಪ್ಯಾಕೇಜಿನ ಅಧಿಕೃತ ದಾಖಲೆಯೊಂದಿಗೆ ತಾಳೆ ನೋಡಿದ ನಂತರವೇ ಆದೇಶ ನೀಡತಕ್ಕದ್ದು.

ತೊಂದರೆ ಮುಂದುವರಿದಲ್ಲಿ, ದೋಷ ಸಂದೇಶದ ಪೂರ್ಣ ಪಾಠ, ಪೈಥಾನ್ ಆವೃತ್ತಿ ಮತ್ತು ನೀಡಿದ ಆದೇಶವನ್ನು ಬರೆದಿಟ್ಟುಕೊಂಡು ಬಲ್ಲವರ ನೆರವು ಪಡೆಯುವುದು. ಗುಪ್ತಪದಗಳನ್ನು ಯಾರೊಂದಿಗೂ ಹಂಚಿಕೊಳ್ಳಬಾರದು.